ಗುಜರಿ ಎಂಜಿನ್ ಅಗ್ಗ, ಅದನ್ನು ಕೂರಿಸೋದು ದುಬಾರಿ

ಯೂಟ್ಯೂಬ್‌ನಲ್ಲಿ ವ್ಯಾನಿನ ಎಂಜಿನ್ ಬದಲಾಯಿಸೋಕೆ ಹದಿನೈದು ನಿಮಿಷ ಸಾಕು. ಹಳೇ ಎಂಜಿನ್ ಕೆಳಗೆ ಇಳಿಯುತ್ತೆ, ಹಿಂದೆ ಒಂದು ಹಾಡು ಬರುತ್ತೆ, ಇನ್ನೊಂದು ಎಂಜಿನ್ ಮೇಲಕ್ಕೆ ಹೋಗುತ್ತೆ, ಕೀ ತಿರುಗಿಸಿದ್ರೆ ಸ್ಟಾರ್ಟ್. ಮೈಸೂರು ಸುತ್ತಮುತ್ತ ತರಕಾರಿ ಬೆಳೆಯೋ ಎಷ್ಟೋ ಹುಡುಗರ ಮನೆ ಮುಂದೆ ಒಂದು ಹಳೇ ಓಮ್ನಿನೋ ಟಾಟಾ ಏಸೋ ನಿಂತಿರುತ್ತೆ. ಅದು ನೀಲಿ ಹೊಗೆ ಬಿಡೋಕೆ ಶುರು ಮಾಡಿದ ವಾರವೇ ಯಾರೋ ಒಬ್ಬರು ಹೇಳ್ತಾರೆ: "ಗುಜರಿಯಲ್ಲಿ ಎಂಜಿನ್ ಸಿಗುತ್ತೆ ಕಣೋ, ಎರಡು ದಿನದಲ್ಲಿ ನಾವೇ ಕೂರಿಸಿಬಿಡೋಣ."

ಕೂರಿಸಬೇಡಿ ಅಂತ ನಾನು ಹೇಳ್ತಿಲ್ಲ. ಕಿರ್ಲೋಸ್ಕರ್ ಪಂಪ್‌ಸೆಟ್ ಎಂಜಿನ್ನನ್ನು ಬಾವಿ ಕಟ್ಟೆ ಮೇಲೆ ಕೂತು ಬಿಚ್ಚಿ ಕಟ್ಟಿದವರ ಮಕ್ಕಳು, ಮೊಮ್ಮಕ್ಕಳು ನಾವು. ಕೈಗೆ ಗ್ರೀಸ್ ಹತ್ತೋದು ನಮಗೆ ಹೊಸದಲ್ಲ. ಆದರೆ ಈ ಲೆಕ್ಕಕ್ಕೆ ಎಲ್ಲರೂ ತಪ್ಪು ಜಾಗದಿಂದ ಕೈ ಹಾಕ್ತಾರೆ ಅನ್ನೋದು ನನ್ನ ತಕರಾರು. ಎಲ್ಲರೂ ಮೊದಲು ಕೇಳೋದು ಎಂಜಿನ್ ಬೆಲೆ. ಅದು ಒಟ್ಟು ಖರ್ಚಿನಲ್ಲಿ ಅರ್ಧವೂ ಆಗದೇ ಇರಬಹುದು. ಗಾಡಿ ನಿಂತ ದಿನಗಳು ಮತ್ತು ಆರ್‌ಸಿಯಲ್ಲಿ ಹೊಂದದ ಒಂದು ನಂಬರ್, ಇವೆರಡನ್ನು ಯಾವ ವಿಡಿಯೋದವನೂ ನಿಮಗೆ ಲೆಕ್ಕ ಹಾಕಿ ಕೊಡಲ್ಲ.

ಅದಕ್ಕೂ ಮೊದಲು ಒಂದು ಪ್ರಶ್ನೆ ಇದೆ. ನಿಮ್ಮ ಎಂಜಿನ್ ನಿಜವಾಗಲೂ ಸತ್ತಿದೆಯಾ?

ಹೊಗೆ ನೋಡಿ ಹೆದರಿ ಎಂಜಿನ್ ಬದಲಿಸಿದವರು ಬಹಳ ಜನ. ಹೊಗೆಯ ಬಣ್ಣಕ್ಕೆ ಒಂದೊಂದು ಅರ್ಥ ಇದೆ. ಕಪ್ಪು ಹೊಗೆ ಅಂದ್ರೆ ಇಂಧನ ಹೆಚ್ಚಾಗಿ ಹೋಗ್ತಿದೆ ಅಥವಾ ಗಾಳಿ ಕಡಿಮೆ ಆಗಿದೆ. ಏರ್ ಫಿಲ್ಟರ್ ಬದಲಿಸಿದ್ರೇ ಎಷ್ಟೋ ಸಲ ಸರಿಹೋಗುತ್ತೆ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ ಬಂದ್ರೆ, ಆಯಿಲ್ ಕ್ಯಾಪ್ ತೆಗೆದಾಗ ಒಳಗೆ ಹಾಲು ಹಾಕಿದ ಕಾಫಿ ಬಣ್ಣ ಕಂಡ್ರೆ, ಕೂಲಂಟ್ ಎಲ್ಲೋ ಒಳಗೆ ಸೇರ್ತಿದೆ ಅಂತ ಅರ್ಥ. ಹೆಚ್ಚಿನ ಸಲ ಅದು ಹೆಡ್ ಗ್ಯಾಸ್ಕೆಟ್. ಹೆಡ್ ಬಿಚ್ಚಿ, ಲೇತ್‌ನಲ್ಲಿ ಫೇಸಿಂಗ್ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿದ್ರೆ ಮುಗೀತು. ನೀಲಿ ಹೊಗೆ ಅಂದ್ರೆ ಎಂಜಿನ್ ಆಯಿಲ್ ಉರೀತಿದೆ. ಅದರಲ್ಲೂ ವಾಲ್ವ್ ಸೀಲ್ ಹೋಗಿದ್ರೆ ಒಂದು ಖರ್ಚು, ರಿಂಗ್ ಸವೆದಿದ್ರೆ ಇನ್ನೊಂದು ಖರ್ಚು.

ಯಾವುದು ಅಂತ ತಿಳಿಯೋಕೆ ಕಂಪ್ರೆಷನ್ ಗೇಜ್ ಅನ್ನೋ ಚಿಕ್ಕ ಉಪಕರಣ ಇದೆ. ಪೆಟ್ರೋಲ್ ಗಾಡಿಯಲ್ಲಿ ಎಲ್ಲಾ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದೇ ತೂತಿಗೆ ಗೇಜ್ ಹಾಕಿ ಎಂಜಿನ್ ತಿರುಗಿಸಿದ್ರೆ ಯಾವ ಸಿಲಿಂಡರ್ ಬಿದ್ದಿದೆ ಅಂತ ಗೊತ್ತಾಗುತ್ತೆ. ಕಡಿಮೆ ತೋರಿಸಿದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಮುಳ್ಳು ಏರಿದ್ರೆ ರಿಂಗು, ಬೋರು ಸವೆದಿದೆ. ಏರದಿದ್ರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಕಡೆ ನೋಡಬೇಕು. ಅರ್ಧ ಗಂಟೆಯ ಕೆಲಸ ಇದು. ಇದನ್ನು ಮಾಡದೆ "ಎಂಜಿನ್ ಬೋರ್‌ಗೆ ಬಂದಿದೆ, ಬೇರೇದು ಹಾಕಿಬಿಡೋಣ" ಅಂತ ಯಾರೇ ಹೇಳಿದ್ರೂ ನಂಬಬೇಡಿ, ಅವರು ನಿಮ್ಮ ಸೋದರಮಾವನೇ ಆಗಿದ್ರೂ ಸರಿ. (ಡೀಸೆಲ್ ಏಸ್‌ಗೆ ಬೇರೆ ಗೇಜ್ ಬೇಕು, ಅದನ್ನು ಡೀಸೆಲ್ ಕೆಲಸ ಗೊತ್ತಿರೋರ ಹತ್ತಿರವೇ ಮಾಡಿಸಿ.)

ಬೋರ್ ಸವೆದಿದ್ರೂ ನಿಮ್ಮ ಎಂಜಿನ್ನೇ ಬಿಚ್ಚಿ ಬೋರ್ ಹೊಡೆಸಿ, ಹೊಸ ಪಿಸ್ಟನ್, ರಿಂಗ್, ಬೇರಿಂಗ್ ಹಾಕಿಸೋ ದಾರಿ ಇದ್ದೇ ಇದೆ. ಇದಕ್ಕೆ ಆಗೋ ಖರ್ಚು ಗುಜರಿ ಎಂಜಿನ್ ಬೆಲೆಗಿಂತ ಜಾಸ್ತಿ ಕಾಣುತ್ತೆ, ನಿಜ. ಆದರೆ ಬೋರ್ ಹೊಡೆಸಿದ ಎಂಜಿನ್ ಒಳಗೆ ಏನಿದೆ ಅಂತ ನಿಮಗೆ ಗೊತ್ತು. ಗುಜರಿ ಎಂಜಿನ್ ಒಳಗೆ ಏನಿದೆ ಅಂತ ಅದನ್ನು ಮಾರೋನಿಗೂ ಗೊತ್ತಿರಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಬ್ಲಾಕ್ ಮೇಲಿರೋ ನಂಬರ್ ಹಾಗೇ ಉಳಿಯುತ್ತೆ. ಆ ನಂಬರಿನ ವಿಚಾರಕ್ಕೆ ಆಮೇಲೆ ಬರ್ತೀನಿ.

ಪುಸ್ತಕ ತಗೊಂಡು ಲೆಕ್ಕ ಬರೀರಿ

ಒಂದು ಅಂದಾಜು ಹಾಕೋಣ. ಅಂಕಿ ನಿಮ್ಮ ಊರಿಗೆ, ನಿಮ್ಮ ಗಾಡಿಗೆ ತಕ್ಕ ಹಾಗೆ ಬದಲಿಸಿಕೊಳ್ಳಿ. ಗುಜರಿ ಎಂಜಿನ್ 20,000ಕ್ಕೆ ಸಿಕ್ತು ಅಂತಿಟ್ಟುಕೊಳ್ಳಿ. ಎಂಜಿನ್ ಇಳಿಸಿದ ಮೇಲೆ ಹಳೇ ಕ್ಲಚ್ ಪ್ಲೇಟನ್ನೇ ಮತ್ತೆ ಹಾಕೋದು ದಡ್ಡತನ. ಯಾಕಂದ್ರೆ ಆರು ತಿಂಗಳಿಗೆ ಅದು ಹೋದ್ರೆ ಗೇರ್‌ಬಾಕ್ಸ್ ಮತ್ತೆ ಬಿಚ್ಚಬೇಕು. ಹಾಗಾಗಿ ಕ್ಲಚ್ ಸೆಟ್ಟು, ರಿಲೀಸ್ ಬೇರಿಂಗ್ ಹೊಸದೇ ಆಗಬೇಕು. ಓಮ್ನಿ ಆದ್ರೆ ಟೈಮಿಂಗ್ ಬೆಲ್ಟ್ ಹೊಸದು. ಬಂದ ಎಂಜಿನ್‌ನಲ್ಲಿ ಬೆಲ್ಟ್ ಎಷ್ಟು ಕಿಲೋಮೀಟರ್ ಓಡಿದೆ ಅಂತ ಯಾರಿಗೂ ಗೊತ್ತಿಲ್ಲ. ಕ್ರ್ಯಾಂಕ್‌ನ ಹಿಂದಿನ ಮುಂದಿನ ಆಯಿಲ್ ಸೀಲ್, ವಾಟರ್ ಪಂಪ್, ಥರ್ಮೋಸ್ಟಾಟ್, ರಬ್ಬರ್ ಹೋಸ್, ಎಂಜಿನ್ ಮೌಂಟಿಂಗ್, ಆಯಿಲ್, ಫಿಲ್ಟರ್, ಕೂಲಂಟ್. ಇವೆಲ್ಲಾ ಸೇರಿ ಇನ್ನೊಂದು 12,000 ಅನ್ನಿ. ಚೈನ್ ಬ್ಲಾಕ್ ಬಾಡಿಗೆ, ಎಂಜಿನ್ ಸಾಗಿಸಿದ ಬಾಡಿಗೆ, ಸಿಗದ ಒಂದು ಬೋಲ್ಟ್ ಹುಡುಕಿ ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ ಬಂದ ಬಸ್ ಚಾರ್ಜು, ಇವನ್ನು ಯಾರೂ ಬರೆಯಲ್ಲ. ಬರೀರಿ.

ಈಗ ದೊಡ್ಡ ಖರ್ಚು. ವಾರಕ್ಕೆ 4 ದಿನ ಬಂಡೀಪಾಳ್ಯ ಎಪಿಎಂಸಿಗೆ ಹೋಗೋ ರೈತ ಅಂತಿಟ್ಟುಕೊಳ್ಳಿ. ಗಾಡಿ ನಿಂತ್ರೆ ಬಾಡಿಗೆ ಗಾಡಿ ಬೇಕು. ಒಂದು ಟ್ರಿಪ್ಪಿಗೆ 1,500. ಮನೆ ಮುಂದೆ ಮಾಡೋ ಎಂಜಿನ್ ಕೆಲಸ ಎರಡು ದಿನದಲ್ಲಿ ಮುಗಿಯಲ್ಲ, ಮೂರು ವಾರ ಹಿಡಿಯುತ್ತೆ ಅಂತಲೇ ಲೆಕ್ಕ ಹಾಕಿ, ಯಾಕಂದ್ರೆ ನಡುವೆ ನೀರು ಕಟ್ಟಬೇಕು, ಔಷಧಿ ಹೊಡೀಬೇಕು, ಕೊಯ್ಲು ಮಾಡ್ಬೇಕು. 12 ಟ್ರಿಪ್ಪಿಗೆ 18,000 ಆಯ್ತು. ನಿಮ್ಮ ಗಾಡಿಗೆ ಹಾಕ್ತಿದ್ದ ಪೆಟ್ರೋಲ್ ಟ್ರಿಪ್ಪಿಗೆ 400ರಂತೆ 4,800 ಕಳೆದ್ರೂ 13,200 ಹೆಚ್ಚುವರಿ ಹೋಯ್ತು. 20,000ದ ಎಂಜಿನ್ ಆಗಲೇ 45,000 ದಾಟಿತು, ನಿಮ್ಮ ಕೂಲಿ ಇನ್ನೂ ಸೇರಿಸಿಲ್ಲ. ಬಾಡಿಗೆ ಗಾಡಿಯವನು ಮೊದಲು ಇನ್ನೊಬ್ಬರ ಲೋಡು ಇಳಿಸಿ ತಡವಾಗಿ ಬಂದು, ಹರಾಜು ಮುಗಿಯೋ ಹೊತ್ತಿಗೆ ನಿಮ್ಮ ಟೊಮೆಟೊ ಮಂಡಿ ಮುಟ್ಟಿದ್ರೆ ಆಗೋ ನಷ್ಟಕ್ಕೆ ಅಂದಾಜೇ ಇಲ್ಲ.

ಹಾಗಾಗಿ ಕೊಯ್ಲಿನ ಕಾಲದಲ್ಲಿ ಎಂಜಿನ್ ಇಳಿಸೋದಕ್ಕೆ ನನ್ನ ಸ್ಪಷ್ಟ ವಿರೋಧ ಇದೆ. ಆಯಿಲ್ ಕುಡಿಯೋ ಎಂಜಿನ್ನಿಗೆ ದಿನಾ ಡಿಪ್‌ಸ್ಟಿಕ್ ನೋಡಿ ಆಯಿಲ್ ಹಾಕ್ತಾ, ಬೆಳೆ ಮುಗಿಯೋವರೆಗೆ ನಿಧಾನಕ್ಕೆ ಓಡಿಸಿ. ಕೂಲಂಟ್ ಸೋರ್ತಾ ಬಿಸಿಯಾಗೋ ಎಂಜಿನ್ನನ್ನು ಮಾತ್ರ ಹಾಗೆ ಓಡಿಸಬೇಡಿ, ಹೆಡ್ ಸೊಟ್ಟಗಾಗುತ್ತೆ.

ಕೂರುತ್ತೆ ಅನ್ನೋ ಮಾತು

"800 ಕಾರಿನ ಎಂಜಿನ್ ಓಮ್ನಿಗೆ ಹಾಗೇ ಕೂರುತ್ತೆ" ಅನ್ನೋದು ನಾನು ಹೆಚ್ಚು ಕೇಳಿರೋ ಮಾತು. ಅರ್ಧ ನಿಜ. ಎರಡರಲ್ಲೂ ಇದ್ದದ್ದು 796 ಸಿಸಿಯ ಮೂರು ಸಿಲಿಂಡರ್ ಎಂಜಿನ್. ಆದರೆ 800ರಲ್ಲಿ ಎಂಜಿನ್ ಅಡ್ಡಲಾಗಿ ಕೂತು ಮುಂದಿನ ಚಕ್ರ ತಿರುಗಿಸುತ್ತೆ. ಓಮ್ನಿಯಲ್ಲಿ ಮುಂದಿನ ಸೀಟಿನ ಕೆಳಗೆ ಉದ್ದುದ್ದ ಕೂತು ಹಿಂದಿನ ಚಕ್ರ ತಿರುಗಿಸುತ್ತೆ. ಕೂರೋ ರೀತಿ ಬೇರೆ ಅಂದ ಮೇಲೆ ಮೌಂಟಿಂಗ್, ಪೈಪು, ಸುತ್ತ ಜೋಡಿಸೋ ಭಾಗಗಳು ಎಲ್ಲಾ ನೋಡಿಯೇ ಹೊಂದಿಸಬೇಕು. ಓಮ್ನಿಯಲ್ಲೇ ಹಳೇ ಕಾರ್ಬುರೇಟರ್ ಗಾಡಿ ಬೇರೆ, ಎಂಪಿಎಫ್‌ಐ ಗಾಡಿ ಬೇರೆ. ಎಂಪಿಎಫ್‌ಐ ಗಾಡಿಗೆ ಕಾರ್ಬುರೇಟರ್ ಎಂಜಿನ್ ತಂದು ಕೂರಿಸಿದ್ರೆ ಸೆನ್ಸರ್, ವೈರಿಂಗ್, ಇಸಿಎಂ ಎಲ್ಲಾ ಅನಾಥ. ಹೊಗೆ ತಪಾಸಣೆಯಲ್ಲೂ ಸಿಕ್ಕಿ ಬೀಳ್ತೀರಿ.

ಏಸ್ ಕಥೆಯೂ ಹೀಗೇ. 2005ರಲ್ಲಿ ಬಂದ ಮೊದಲ ಏಸ್‌ನಲ್ಲಿ ಇದ್ದದ್ದು ಎರಡು ಸಿಲಿಂಡರಿನ 702 ಸಿಸಿ ಡೀಸೆಲ್. ಸರಳ ಎಂಜಿನ್, ಹಳ್ಳಿ ಮೆಕ್ಯಾನಿಕ್ಕಿಗೂ ಅರ್ಥ ಆಗುತ್ತೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಕಂಪ್ಯೂಟರ್ ಇಲ್ಲದೆ ಎಂಜಿನ್ ಉಸಿರೂ ಆಡಲ್ಲ. "ಎರಡೂ ಏಸೇ ತಾನೆ" ಅಂತ ಹೊರಟ್ರೆ ಅಂಗಳದಲ್ಲಿ ಒಂದು ಗಾಡಿ, ಎರಡು ಎಂಜಿನ್, ಒಂದು ಗೋಣಿಚೀಲ ತುಂಬ ವೈರ್ ಉಳಿಯುತ್ತೆ.

ಇನ್ನು ಓಮ್ನಿಗೆ ಯಾವುದೋ ಮೂರು ಚಕ್ರದ ಗಾಡಿಯ ಡೀಸೆಲ್ ಎಂಜಿನ್ ಕೂರಿಸೋ ಸಾಹಸ. ಮೈಲೇಜ್ ಆಸೆಗೆ ಇದನ್ನು ಮಾಡೋರಿದ್ದಾರೆ. ಓಮ್ನಿಗೆ ಲಾರಿ ಥರ ಬೇರೆ ಚಾಸಿ ಚೌಕಟ್ಟು ಇಲ್ಲ, ಬಾಡಿಯೇ ಅದರ ಮೈಮೂಳೆ. ಡೀಸೆಲ್ಲಿನ ಭಾರಕ್ಕೆ, ಅದುರಿಗೆ ಅಂತ ಅದನ್ನು ಕತ್ತರಿಸಿ ವೆಲ್ಡಿಂಗ್ ಮಾಡಿದ ಜಾಗದಿಂದಲೇ ಮುಂದೆ ಬಿರುಕು ಬರೋದು. ಬ್ರೇಕು, ಸಸ್ಪೆನ್ಷನ್ನು, ಹಿಂದಿನ ಆಕ್ಸಲ್ಲು ಎಲ್ಲಾ ಹಳೇ ಲೆಕ್ಕದವು. ಗುಂಡ್ಲುಪೇಟೆ ದಾಟಿ ವಯನಾಡಿಗೆ ತರಕಾರಿ ಒಯ್ಯೋರು ಯೋಚನೆ ಮಾಡಿ. ಬಂಡೀಪುರದ ಆ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ 2009ರಿಂದ ವಾಹನ ನಿರ್ಬಂಧ ಇದೆ. ಎಂಟೂವರೆಗೆ ಕಾಡಿನ ನಡುವೆ ನಿಮ್ಮ ಪ್ರಯೋಗ ಕೈ ಕೊಟ್ರೆ ಮೆಕ್ಯಾನಿಕ್ ಬರೋಕೂ ಆಗಲ್ಲ, ನೀವು ಇಳಿದು ನಿಲ್ಲೋಕೂ ಆಗಲ್ಲ.

ನನ್ನ ಅಭಿಪ್ರಾಯ ಇಷ್ಟೇ: ಅದೇ ಮಾಡೆಲ್, ಅದೇ ಇಂಧನ, ಅದೇ ಸಿಸಿ, ಅದೇ ಕಾಲದ ಎಂಜಿನ್ ಸಿಕ್ಕಿದ್ರೆ ಮಾತ್ರ ಬದಲಾವಣೆಯ ಮಾತು. ಬೇರೆ ಯಾವುದಾದ್ರೂ ಆದ್ರೆ ಆ ದುಡ್ಡಿಗೆ ಗಾಡಿಯನ್ನೇ ಬದಲಿಸೋದು ಲೇಸು. ಸಿಎನ್‌ಜಿ ಬೇಕಾದ್ರೆ ಎಂಜಿನ್ ಮುಟ್ಟೋದು ಬೇಡ, ಮಾನ್ಯತೆ ಇರೋ ಕಿಟ್ಟನ್ನು ಮಾನ್ಯತೆ ಇರೋರಿಂದ ಹಾಕಿಸೋಕೆ ಕಾನೂನೇ ದಾರಿ ಕೊಟ್ಟಿದೆ.

ಬ್ಲಾಕ್ ಮೇಲಿನ ನಂಬರ್

ಮೈಸೂರಿನವರಿಗೆ ಇದನ್ನು ಹೇಳೋದು ಸುಲಭ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೂ ಇವತ್ತಿಗೂ ಹಳೇ ಯೆಜ್ಡಿ ಕೊಳ್ಳೋಕೆ ಬರೋ ಜಾಣ ಮೊದಲು ಕೇಳೋದು, "ಎಂಜಿನ್ ನಂಬರ್ ಆರ್‌ಸಿಗೆ ಹೊಂದುತ್ತಾ?" ಅಂತ. ಹೊಂದಿದ್ರೆ ಒಂದು ರೇಟು, ಹೊಂದದಿದ್ರೆ ಇನ್ನೊಂದು. ಶೋಕಿಗೆ ಇಟ್ಟುಕೊಳ್ಳೋ ಬೈಕಿಗೇ ಇಷ್ಟು ನೋಡೋ ಊರಿನಲ್ಲಿ, ದಿನಾ ಅನ್ನ ಕೊಡೋ ವ್ಯಾನಿಗೆ ಯಾರೂ ಕೇಳಲ್ಲ ಅನ್ನೋದು ನನಗೆ ಅರ್ಥವಾಗದ ವಿಷಯ.

1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಏನು ಹೇಳುತ್ತೆ ಅಂದ್ರೆ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರೋ ವಿವರಕ್ಕೂ ಹೊಂದದ ಹಾಗೆ ವಾಹನವನ್ನು ಬದಲಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಗಟ್ಟಿಯಾಗಿ ಎತ್ತಿ ಹಿಡಿಯಿತು. ಎಂಜಿನ್ ಬದಲಿಸೋದಾದ್ರೆ ಮೊದಲೇ ಆರ್‌ಟಿಒ ಒಪ್ಪಿಗೆ ಪಡೆಯೋದು ಸರಿಯಾದ ದಾರಿ. ಒಪ್ಪಿಗೆ ಇಲ್ಲದೆ ಬದಲಿಸಿದ್ರೂ 14 ದಿನದ ಒಳಗೆ ನೀವು ವಾಸ ಇರೋ ವ್ಯಾಪ್ತಿಯ ಆರ್‌ಟಿಒಗೆ ತಿಳಿಸಿ, ಆರ್‌ಸಿ ಕೊಟ್ಟು, ಶುಲ್ಕ ಕಟ್ಟಿ ಹೊಸ ವಿವರ ಬರೆಸಬೇಕು ಅಂತ ಅದೇ ಸೆಕ್ಷನ್ ಹೇಳುತ್ತೆ. 2019ರ ತಿದ್ದುಪಡಿ ಬಂದ ಮೇಲೆ, ಅನುಮತಿ ಇಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಕೆಎ-09 ಆದ್ರೆ ಮೈಸೂರು ಪಶ್ಚಿಮ, ಕೆಎ-55 ಆದ್ರೆ ಮೈಸೂರು ಪೂರ್ವ ಕಚೇರಿ. ಎಂಜಿನ್ ಕೊಳ್ಳೋಕೆ ಮುಂಚೆ ಒಂದು ಬೆಳಿಗ್ಗೆ ಅಲ್ಲಿಗೆ ಹೋಗಿ, ಈ ಎಂಜಿನ್ನಿಗೆ ಒಪ್ಪಿಗೆ ಸಿಗುತ್ತಾ ಅಂತ ಕೇಳಿ. ಹೆಚ್ಚಂದ್ರೆ ಆ ಒಂದು ಬೆಳಿಗ್ಗೆ ಹೋಗುತ್ತೆ.

"ಹಳ್ಳಿ ರೋಡಲ್ಲಿ ಯಾರು ನೋಡ್ತಾರೆ ಅಣ್ಣಾ" ಅಂತೀರಿ. ನೋಡೋ ದಿನ ತಾನಾಗೇ ಬರುತ್ತೆ. ಸ್ವಂತ ಬಳಕೆಯ ಓಮ್ನಿಗೆ 15 ವರ್ಷಕ್ಕೆ ನೋಂದಣಿ ನವೀಕರಣ. ಲಘು ವಾಹನಕ್ಕೆ 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್‌ನಿಂದಲೇ 5,000ಕ್ಕೆ ಏರಿದೆ. ಏಸ್‌ನಂಥ ಸರಕು ವಾಹನಕ್ಕೆ 8 ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ. ಅಲ್ಲಿ ಇನ್‌ಸ್ಪೆಕ್ಟರ್ ನಂಬರ್ ಪರಿಶೀಲಿಸಿದ್ರೆ ನಿಮ್ಮ ಗುಟ್ಟು ಅಷ್ಟೇ.

ಅದಕ್ಕಿಂತ ಕೆಟ್ಟ ದಿನ ಅಪಘಾತದ ದಿನ. ವಿಮಾ ಕಂಪನಿಯ ಸರ್ವೇಯರ್ ಬಂದು ಪಾಲಿಸಿಯಲ್ಲಿರೋ ಎಂಜಿನ್ ನಂಬರನ್ನು ಗಾಡಿ ಜೊತೆ ಹೋಲಿಸ್ತಾರೆ. ಹೊಂದದಿದ್ರೆ ಕ್ಲೇಮಿಗೆ ತಕರಾರು ಎತ್ತೋಕೆ ಅವರ ಕೈಗೆ ನೀವೇ ಕಾರಣ ಕೊಟ್ಟ ಹಾಗೆ. ರಿಪೇರಿ ದುಡ್ಡು ಹೋದ್ರೆ ಹೋಗ್ಲಿ, ಯಾರಿಗಾದ್ರೂ ಪೆಟ್ಟಾಗಿದ್ರೆ ವಿಚಾರ ಕೋರ್ಟಿಗೆ ಹೋಗುತ್ತೆ. ಅಲ್ಲಿ ಮೂರು ಎಕರೆ ಜಮೀನಿನ ಪ್ರಶ್ನೆ ಬಂದ್ರೂ ಬರಬಹುದು.

ಇನ್ನೊಂದು ಅಪಾಯ ಇದೆ. ಗುಜರಿಗೆ ಬಂದ ಎಂಜಿನ್ ಯಾರ ಗಾಡಿಯದ್ದು? ಕಳವಾದ ಗಾಡಿಯದ್ದಾಗಿದ್ರೆ ಆ ನಂಬರ್ ಎಲ್ಲೋ ಒಂದು ಎಫ್‌ಐಆರ್‌ನಲ್ಲಿ ಕೂತಿರುತ್ತೆ, ಮತ್ತು ಅದನ್ನು ಹುಡುಕಿಕೊಂಡು ಬರೋ ಪೊಲೀಸರು ಬರೋದು ನಿಮ್ಮ ಮನೆಗೆ. ಕೈಯಲ್ಲಿರೋ ಫೋನ್ ಇಲ್ಲಿ ಕೆಲಸಕ್ಕೆ ಬರುತ್ತೆ. ಎಂಜಿನ್ ಯಾವ ಗಾಡಿಯಿಂದ ಇಳಿಸಿದ್ದು ಅಂತ ಕೇಳಿ, ಆ ಗಾಡಿಯ ಆರ್‌ಸಿ ನಕಲು ತಗೊಳ್ಳಿ, ಎಂ-ಪರಿವಾಹನ್ ಆಪ್‌ನಲ್ಲಿ ಅದರ ರಿಜಿಸ್ಟ್ರೇಷನ್ ನಂಬರ್ ಹಾಕಿ ನೋಡಿ. ಎನ್‌ಸಿಆರ್‌ಬಿಯ ಡಿಜಿಟಲ್ ಪೊಲೀಸ್ ಪೋರ್ಟಲ್‌ನಲ್ಲಿ ರಿಜಿಸ್ಟ್ರೇಷನ್, ಚಾಸಿ, ಎಂಜಿನ್ ನಂಬರ್ ಕೊಟ್ಟು, ಕಳವಿನ ದಾಖಲೆಯಲ್ಲಿ ಇದೆಯಾ ಅಂತ ನೋಡೋ ವ್ಯವಸ್ಥೆಯೂ ಇದೆ. ಬಿಲ್ ಕೊಡಲ್ಲ, ಆರ್‌ಸಿ ನಕಲು ಇಲ್ಲ, ನಂಬರ್ ಉಜ್ಜಿ ಹೋಗಿದೆ ಅಂದ್ರೆ, ಪುಕ್ಕಟೆ ಕೊಟ್ರೂ ಬೇಡ.

ಇಷ್ಟಾದ ಮೇಲೂ ಮಾಡೋದಾದ್ರೆ

ಒಬ್ಬರೇ ಮಾಡಬೇಡಿ. ಎಂಜಿನ್ ಇಳಿಸಿ ಅನುಭವ ಇರೋ ಒಬ್ಬ ಮೆಕ್ಯಾನಿಕ್ಕನ್ನು ದಿನಗೂಲಿ ಕೊಟ್ಟು ಜೊತೆಗೆ ಕರೆದುಕೊಳ್ಳಿ. ಬಿಚ್ಚೋದು, ತೊಳೆಯೋದು, ಸಾಮಾನು ತರೋದು ನೀವು ಮಾಡಿ. ಕ್ಲಚ್ ಮಧ್ಯಕ್ಕೆ ಹೊಂದಿಸೋದು, ಟೈಮಿಂಗ್ ಕೂರಿಸೋದು ಅವರು ಮಾಡ್ಲಿ. ಬರೀ ಜಾಕಿ ಮೇಲೆ ನಿಂತ ಗಾಡಿ ಕೆಳಗೆ ತಲೆ ಹಾಕಬೇಡಿ. ಗಟ್ಟಿ ನೆಲ, ನಾಲ್ಕು ಸ್ಟ್ಯಾಂಡು, ಚಕ್ರಕ್ಕೆ ಅಡ್ಡ ಕಲ್ಲು. ಉತ್ತ ಮಣ್ಣಿನ ಮೇಲೆ ಜಾಕಿ ಕೊಟ್ರೆ ಅದು ಇಳಿಯೋದು ನಿಮ್ಮ ಎದೆ ಮೇಲೆ. ಬ್ಯಾಟರಿ ವೈರ್ ಮೊದಲೇ ಬಿಚ್ಚಿ, ಪೆಟ್ರೋಲ್ ಪೈಪ್ ಬಿಚ್ಚುವಾಗ ಹತ್ತಿರ ಬೀಡಿ ಹಚ್ಚೋ ಸ್ನೇಹಿತರನ್ನು ಕಾಫಿ ತರೋಕೆ ಕಳಿಸಿ.

ಒಂದು ವೈರ್, ಒಂದು ಪೈಪ್ ಬಿಚ್ಚೋ ಮುಂಚೆ ಒಂದು ಫೋಟೋ. ಬಿಚ್ಚಿದ ತುದಿಗಳೆರಡಕ್ಕೂ ಟೇಪ್ ಸುತ್ತಿ ಒಂದೇ ಅಂಕಿ ಬರೀರಿ. ಬೋಲ್ಟುಗಳನ್ನು ಜಾಗಕ್ಕೊಂದು ಮೊಸರಿನ ಡಬ್ಬಿಯಲ್ಲಿ ಹಾಕಿ ಹೆಸರು ಬರೀರಿ. ಮೂರನೇ ವಾರದಲ್ಲಿ ನಿಮ್ಮ ನೆನಪನ್ನು ನಂಬೋಕಾಗಲ್ಲ.

ಕೊಳ್ಳೋವಾಗ ಎಂಜಿನ್ ಇನ್ನೂ ಗಾಡಿಯಲ್ಲೇ ಇದ್ದು ಓಡೋದನ್ನು ಕೇಳೋಕೆ ಸಿಕ್ಕರೆ ಅದೇ ಒಳ್ಳೇದು. ನೆಲದ ಮೇಲೆ ಇಟ್ಟ ಎಂಜಿನ್ ಆದ್ರೆ ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎರಡು ಸುತ್ತು ತಿರುಗಿಸಿ ನೋಡಿ, ಎಲ್ಲೂ ಹಿಡಿಯಬಾರದು. ಆಯಿಲ್ ಕ್ಯಾಪ್ ಒಳಗೆ ನೋಡಿ, ಪ್ಲಗ್ ಬಿಚ್ಚಿ ನೋಡಿ. ಚಾಲನೆ ಗ್ಯಾರಂಟಿ ಎಷ್ಟು ದಿನ ಅಂತ ಬಿಲ್ ಮೇಲೇ ಬರೆಸಿಕೊಳ್ಳಿ.

ಮೊದಲ ಸಲ ಸ್ಟಾರ್ಟ್ ಮಾಡೋ ಮುಂಚೆ ಇಗ್ನಿಷನ್ ಕಾಯಿಲ್ ವೈರ್ ಬಿಚ್ಚಿ, ಆಯಿಲ್ ಲೈಟ್ ಆರೋವರೆಗೆ ಬರೀ ಸ್ಟಾರ್ಟರ್‌ನಲ್ಲಿ ಬಿಟ್ಟು ಬಿಟ್ಟು ತಿರುಗಿಸಿ. ಒಣಗಿದ ಬೇರಿಂಗಿಗೆ ಆಯಿಲ್ ಮುಟ್ಟಬೇಕು. ಕೂಲಂಟ್ ನಿಧಾನಕ್ಕೆ ತುಂಬಿ, ಒಳಗಿನ ಗಾಳಿ ಹೊರಗೆ ಬರೋವರೆಗೆ ಕಾಯಿರಿ. ಗಾಳಿ ಸಿಕ್ಕಿಕೊಂಡ್ರೆ ಗೇಜ್ ತಣ್ಣಗೆ ತೋರಿಸ್ತಾ ಇರುವಾಗಲೇ ಹೆಡ್ ಸುಟ್ಟು ಹೋಗುತ್ತೆ. ಮೊದಲ ದಿನ ಊರೊಳಗೆ ಖಾಲಿ ಗಾಡಿ ಓಡಿಸಿ, ಆರಿದ ಮೇಲೆ ನಟ್ಟು, ಹೋಸ್ ಕ್ಲಿಪ್ಪು ಮತ್ತೆ ಬಿಗಿ ಮಾಡಿ. ಒಂದು ವಾರ ಅರ್ಧ ಲೋಡು ಸಾಕು, ಆಮೇಲೆ ಆಯಿಲ್ ಬದಲಿಸಿ. ಗಾಡಿ ಓಡ್ತಿದೆ ಅನ್ನೋ ಖುಷಿಯಲ್ಲಿ ಆರ್‌ಟಿಒ ಕೆಲಸ ಮರೆಯೋರೇ ಹೆಚ್ಚು. ಎಂಜಿನ್ ಕೂರಿಸಿದ ದಿನವೇ ಫೋನಿನಲ್ಲಿ ಹತ್ತನೇ ದಿನಕ್ಕೆ ಒಂದು ಅಲಾರಂ ಇಟ್ಟುಬಿಡಿ. ಹೊಸ ನಂಬರ್ ಆರ್‌ಸಿಗೆ ಏರಿದ ಮೇಲೆ ಅದರ ನಕಲು ವಿಮೆಯವರಿಗೂ ಕೊಟ್ಟು, ಪಾಲಿಸಿಯಲ್ಲಿ ಬದಲಾಯಿಸಿದ್ದಕ್ಕೆ ಕಾಗದ ಕೇಳಿ ಪಡೀರಿ. ಗಾಡಿ ಮೇಲೆ ಸಾಲ ಇದ್ರೆ ಎಂಜಿನ್ ಇಳಿಸೋ ಮೊದಲೇ ಬ್ಯಾಂಕಿಗೂ ಒಂದು ಮಾತು ತಿಳಿಸಿ.